ಬೊಗೊಟಾದಲ್ಲಿ ಒಂದೇ ದಿನ: ಉಪ್ಪಿನ ಗಣಿಯ ಚರ್ಚ್ ಜೊತೆ ವಿಯಾ ದೆ ಲೇವಾ ಸೇರಿಸಬಹುದಾ?

ಮೂಡಿಗೆರೆ_ರೊಬಸ್ಟಾ

ಎಲ್ಲರಿಗೂ ನಮಸ್ಕಾರ. ತೋಟಕ್ಕೆ ಬ್ಯಾಕಿಂಗ್ ನೀರು (ಕಾಫಿ ಹೂವಾದ ಮೇಲೆ ಕೊಡುವ ನೀರು) ಮುಗಿಸಿ ಮಾರ್ಚ್ ಕೊನೆ ಅಥವಾ ಏಪ್ರಿಲ್ ಮೊದಲ ವಾರ ಕೊಲಂಬಿಯಾಕ್ಕೆ ಹೊರಡುವ ಯೋಚನೆ ಇದೆ. ಮುಖ್ಯ ಕೆಲಸ ಪೆರೇರಾ ಕಡೆ ಕಾಫಿ ತೋಟ ನೋಡುವುದು. ಅದಕ್ಕೆ ಮೊದಲು ಬೊಗೊಟಾದಲ್ಲಿ ಪೂರ್ತಿ ಒಂದು ದಿನ ಬಿಡುವು. ಹಿಂದಿನ ದಿನ ಸಂಜೆ ಇಳಿಯುತ್ತೇವೆ, ಮರುದಿನ ಬೆಳಿಗ್ಗೆ ಪೆರೇರಾ ವಿಮಾನ.

ಏಜೆಂಟ್ ಒಂದು ಗೈಡೆಡ್ ಟೂರ್ ಕಳಿಸಿದ್ದಾರೆ. ಸಿಪಾಕಿರಾದ ನೆಲದೊಳಗಿನ ಉಪ್ಪಿನ ಚರ್ಚ್, ಅಲ್ಲಿಂದ ಸ್ಪೇನಿನವರ ಕಾಲದ ಊರು ವಿಯಾ ದೆ ಲೇವಾ, ಎರಡೂ ಒಂದೇ ದಿನ. ಬೆಳಿಗ್ಗೆ 6.30ಕ್ಕೆ ಹೋಟೆಲಿನಿಂದ ಕರೆದುಕೊಂಡು ಹೋಗಿ ರಾತ್ರಿ 8.30ಕ್ಕೆ ಬಿಡುತ್ತಾರಂತೆ. ನಾವು ನಾಲ್ಕು ಜನ: ನಾನು, ನಮ್ಮ ಮನೆಯವರು, ಅಪ್ಪ (68, ಬಿಪಿ ಮಾತ್ರೆ), ಅಮ್ಮ (63, ಮೊಣಕಾಲು ನೋವು, ಮೊಟ್ಟೆಯನ್ನೂ ಮುಟ್ಟುವುದಿಲ್ಲ). ಈ ಟೂರ್ ತಗೊಳ್ಳಬಹುದಾ? ಗಣಿಯೊಳಗೆ ವಯಸ್ಸಾದವರು ನಡೆಯಬಹುದಾ?

ಬೇಲೂರು_ರಸ್ತೆ

ತಗೋಬೇಡಿ ಸಾರ್. ಚರ್ಚ್ ಬೇಕು, ಊರೂ ಬೇಕು, ಆದರೆ ಆ ಊರು ವಿಯಾ ದೆ ಲೇವಾನೇ ಆಗಬೇಕು ಅಂತೇನಿಲ್ಲ.

ದಾರಿ ಲೆಕ್ಕ ಹಾಕಿ. ಬೊಗೊಟಾದಿಂದ ಸಿಪಾಕಿರಾ ಉತ್ತರಕ್ಕೆ ಸುಮಾರು 50 ಕಿ.ಮೀ. ನಕ್ಷೆಯಲ್ಲಿ ಒಂದು ಗಂಟೆ ಅಂತ ತೋರಿಸಿದರೂ ಊರಿನ ಟ್ರಾಫಿಕ್ ದಾಟಿಕೊಂಡು ಹೋಗಲು ಒಂದೂವರೆ ಗಂಟೆ ಇಟ್ಟುಕೊಳ್ಳಬೇಕು. ಸಿಪಾಕಿರಾದಿಂದ ವಿಯಾ ದೆ ಲೇವಾಕ್ಕೆ ಬೆಟ್ಟದ ರಸ್ತೆ, ಎರಡೂವರೆ ಗಂಟೆಗೆ ಕಡಿಮೆ ಇಲ್ಲ. ಅಲ್ಲಿಂದ ಬೊಗೊಟಾಕ್ಕೆ ವಾಪಸ್ 160 ಕಿ.ಮೀ.ಗೂ ಜಾಸ್ತಿ, ಮೂರೂವರೆ ಗಂಟೆ. ಒಟ್ಟು ಏಳೂವರೆ ಗಂಟೆ ಬರೀ ವ್ಯಾನಿನಲ್ಲಿ. ಹಾಸನದಿಂದ ಬೆಂಗಳೂರಿಗೆ ಹೋಗಿ ಅದೇ ದಿನ ವಾಪಸ್ ಬಂದಷ್ಟು, ಅದೂ 2,600 ಮೀಟರ್ ಎತ್ತರದಲ್ಲಿ, ಹತ್ತೂವರೆ ಗಂಟೆ ಗಡಿಯಾರ ಹಿಂದೆ ಹೋಗಿರುವ ಮೈಯಲ್ಲಿ. 14 ಗಂಟೆಯಲ್ಲಿ ಚರ್ಚಿಗೆ ಎರಡು ಗಂಟೆ, ಊಟಕ್ಕೆ ಒಂದು, ಹೋಟೆಲ್ ಹೋಟೆಲ್ ಸುತ್ತಿ ಜನ ಹತ್ತಿಸಿಕೊಳ್ಳಲು ಒಂದು ಗಂಟೆ ಕಳೆಯಿರಿ. ಆ ಊರಿಗೆ ಉಳಿಯುವುದು ಎರಡು ಗಂಟೆ ಚಿಲ್ಲರೆ. ದಾರಿಯಲ್ಲಿ ಮಣ್ಣಿನ ಮಡಕೆ ಅಂಗಡಿಗೋ ಪಚ್ಚೆ ಅಂಗಡಿಗೋ ನಿಲ್ಲಿಸಿದರೆ ಅದೂ ಇಲ್ಲ.

ವಿಯಾ ದೆ ಲೇವಾ ಚೆಂದದ ಊರು, ಅದರಲ್ಲಿ ಎರಡು ಮಾತಿಲ್ಲ. 1572ರಲ್ಲಿ ಕಟ್ಟಿದ್ದು, ಬಿಳಿ ಗೋಡೆ, ಕೆಂಪು ಹೆಂಚು. ನಡುವಿನ ಚೌಕವೇ 14,000 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಮೂರೂವರೆ ಎಕರೆ. ಆದರೆ ಆ ಮೂರೂವರೆ ಎಕರೆಗೂ, ಸುತ್ತಲ ಬೀದಿಗಳಿಗೂ ಹಾಸಿರುವುದು ಉಬ್ಬುತಗ್ಗಿನ ಗುಂಡುಕಲ್ಲು. ಮೊಣಕಾಲು ನೋವಿನವರಿಗೆ ಗಣಿಗಿಂತ ಅದೇ ಕಷ್ಟ. ಅಲ್ಲಿಗೆ ಹೋಗುವುದಾದರೆ ಒಂದು ರಾತ್ರಿ ಉಳಿಯುವ ಹಾಗೆ ಹೋಗಿ.

ಸಿಪಾಕಿರಾನೇ 1600ರಲ್ಲಿ ಸ್ಥಾಪನೆಯಾದ ಊರು. ಹಳೇ ಚೌಕ, ಮರದ ಉಪ್ಪರಿಗೆಯ ಮನೆಗಳು, ಕಲ್ಲಿನ ಚರ್ಚ್ ಎಲ್ಲ ಅಲ್ಲೇ ಇದೆ. ಗಣಿಯಿಂದ ಚೌಕಕ್ಕೆ ಇಳಿಜಾರಿನಲ್ಲಿ ಹದಿನೈದು ಇಪ್ಪತ್ತು ನಿಮಿಷದ ನಡಿಗೆ, ಟ್ಯಾಕ್ಸಿ ಹಿಡಿದರೆ ಐದು ನಿಮಿಷ. ಬೆಳಿಗ್ಗೆ ಗಣಿ, ಮಧ್ಯಾಹ್ನ ಊರು, ಸಂಜೆ ಐದಕ್ಕೆ ಹೋಟೆಲ್.

ಗೊರೂರು_ಹಿನ್ನೀರು

ಚರ್ಚ್ ನೋಡೋಕೆ ಕೊಲಂಬಿಯಾ ಯಾಕೆ ಮಾರಾಯ್ರೆ, ನಮ್ಮ ಶೆಟ್ಟಿಹಳ್ಳಿದು ಮುಳುಗಿ ಎದ್ದು ನಿಂತಿದೆಯಲ್ಲ, ಹಾಸನದಿಂದ ಅರ್ಧ ಗಂಟೆ. :)

ತಮಾಷೆಗೆ ಹೇಳಿದ್ದು. ಆದರೆ ಮುಳುಗಿದ ಊರಿನ ವಿಷಯ ಬಂತು ಅಂತ ಒಂದು ಎಚ್ಚರಿಕೆ. ಕೆಲವು ಟೂರ್‌ನವರು ವಿಯಾ ದೆ ಲೇವಾ ಬದಲು 'ಗ್ವಾತಾವಿತಾ ವಸಾಹತು ಪಟ್ಟಣ' ಅಂತ ಸೇರಿಸಿ ಮಾರುತ್ತಾರೆ. ಹಳೇ ಗ್ವಾತಾವಿತಾ ತೊಮಿನೆ ಜಲಾಶಯದ ಅಡಿಗೆ ಹೋಯಿತು, ಹೇಮಾವತಿಯಲ್ಲಿ ನಮ್ಮ ಹಳ್ಳಿಗಳು ಹೋದ ಹಾಗೇ. ಈಗಿರುವುದು 1960ರ ದಶಕದಲ್ಲಿ ಹಳೇ ಶೈಲಿಯಲ್ಲಿ ಹೊಸದಾಗಿ ಕಟ್ಟಿದ ಊರು. ಬಿಳಿ ಗೋಡೆ, ಕಮಾನು, ಅಂಗಡಿ ಎಲ್ಲ ಇದೆ, ಫೋಟೋಗೆ ಚೆನ್ನಾಗಿದೆ, ವಯಸ್ಸು ಮಾತ್ರ ನಮ್ಮ ಡ್ಯಾಮುಗಳಷ್ಟೇ. ಅಲ್ಲಿ ನೋಡಬೇಕಾದ್ದು ಚಿನ್ನದ ಎಲ್ ದೊರಾದೊ ಕಥೆ ಹುಟ್ಟಿದ ಕೆರೆ. ಅದು ಊರಿನಿಂದ ಬೇರೆ, ಸುಮಾರು 3,000 ಮೀಟರ್ ಎತ್ತರದಲ್ಲಿ, ಹತ್ತಿ ಇಳಿಯುವ ದಾರಿ, ಸೋಮವಾರ ಬಾಗಿಲು ಹಾಕಿರುತ್ತಾರೆ. ನಿಮ್ಮ ಮನೆಯ ಹಿರಿಯರಿಗೆ ಮೊದಲ ದಿನವೇ ಬೇಡ.

ಮುಳ್ಳಯ್ಯನಗಿರಿ_ಗಾಳಿ

ಗಣಿಯೊಳಗೆ ಏನಿದೆ, ಹೇಗೆ ನಡೆಯಬೇಕು ಅನ್ನುವುದನ್ನು ನಾನು ಬರೆಯುತ್ತೇನೆ.

ಮೊದಲು ಎತ್ತರ. ಬೊಗೊಟಾ 2,640 ಮೀಟರ್, ಸಿಪಾಕಿರಾ 2,650. ಮುಳ್ಳಯ್ಯನಗಿರಿ ತುದಿ 1,930. ಅಂದರೆ ನೀವು ಮಲಗುವ ಹೋಟೆಲೇ ಮುಳ್ಳಯ್ಯನಗಿರಿಗಿಂತ 700 ಮೀಟರ್ ಮೇಲೆ. ಸಮುದ್ರ ಮಟ್ಟಕ್ಕೆ ಹೋಲಿಸಿದರೆ ಉಸಿರಿಗೆ ಸಿಗುವ ಆಮ್ಲಜನಕ ಸುಮಾರು ಕಾಲು ಭಾಗ ಕಡಿಮೆ. ಮೊದಲ ರಾತ್ರಿ ತಲೆನೋವು, ನಿದ್ದೆ ಹರಿದು ಹರಿದು ಬರುವುದು, ನಾಲ್ಕು ಮೆಟ್ಟಿಲಿಗೇ ಏದುಸಿರು, ಇವೆಲ್ಲ ಮಾಮೂಲು. ನೀರು ಜಾಸ್ತಿ, ರಾತ್ರಿ ಊಟ ಹಗುರ, ಮದ್ಯ ಬೇಡ. ಎತ್ತರದ ತೊಂದರೆಗೆ ತಗೊಳ್ಳುವ ಡಯಾಮಾಕ್ಸ್ ಮಾತ್ರೆ ಯಾರೋ ಹೇಳಿದರು ಅಂತ ಅಪ್ಪನಿಗೆ ಕೊಡಬೇಡಿ. ಅದೂ ಮೂತ್ರ ಜಾಸ್ತಿ ಮಾಡುವ ಮಾತ್ರೆ, ಬಿಪಿ ಮಾತ್ರೆಯಲ್ಲೂ ಅಂಥದ್ದೇ ಇರಬಹುದು. ಹೊರಡುವ ಮುಂಚೆ ಅವರ ಡಾಕ್ಟರನ್ನೇ ಕೇಳಿ. ತಲೆನೋವು ಏರುತ್ತಾ ಹೋಗಿ ವಾಂತಿ ಶುರುವಾದರೆ, ಅಥವಾ ಕೂತಾಗಲೂ ಏದುಸಿರು ಇದ್ದರೆ, ಟೂರ್ ಬಿಟ್ಟು ಆಸ್ಪತ್ರೆಗೆ.

ಚರ್ಚ್ ಇರುವುದು ಉಪ್ಪಿನ ಬೆಟ್ಟದೊಳಗೆ, 180 ಮೀಟರ್ ಆಳದಲ್ಲಿ. ಲಿಫ್ಟಿನಲ್ಲಿ ಬಾವಿಗೆ ಇಳಿಸಿದ ಹಾಗೆ ಅಲ್ಲ. ಬೆಟ್ಟದ ಮಗ್ಗುಲಿನ ಸುರಂಗದಿಂದ ಅಡ್ಡಕ್ಕೆ ನಡೆದು, ಮೆಲ್ಲಗೆ ಇಳಿಯುತ್ತಾ ಹೋಗುವುದು. ಸುರಂಗ ಅಗಲ, ಛಾವಣಿ ಎತ್ತರ, ಬಗ್ಗುವ ಕಡೆ ಇಲ್ಲ. ಉಸಿರು ಕಟ್ಟುತ್ತದೆ ಅನ್ನುವ ಭಯದವರಿಗೂ ಮೊದಲ ಐದು ನಿಮಿಷ ಕಳೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಗಂಧಕದ ವಾಸನೆ, ಕೊಳೆತ ಮೊಟ್ಟೆಯದ್ದು, ಅಲ್ಲಲ್ಲಿ ಬರುತ್ತದೆ, ಗಾಬರಿಯಾಗಬೇಡಿ. ಒಳಗೆ ವರ್ಷವಿಡೀ 14–15 ಡಿಗ್ರಿ ಆಸುಪಾಸು. ಒಂದು ಸ್ವೆಟರ್ ಸಾಕು.

ಮೊದಲು ಸಿಗುವುದು ಶಿಲುಬೆಯ ಹಾದಿಯ, ಅಂದರೆ ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಸುವ, 14 ನಿಲ್ದಾಣಗಳು, ಸುರಂಗದ ಪಕ್ಕಕ್ಕೆ ಒಂದೊಂದು ಗುಹೆ. ಮನುಷ್ಯಾಕೃತಿ ಹುಡುಕಬೇಡಿ. ಬರೀ ಉಪ್ಪುಕಲ್ಲಿನ ಶಿಲುಬೆ, ಮಂಡಿಯೂರುವ ಕಲ್ಲು, ಅದರ ಹಿಂದೆ ಗಣಿ ತೋಡಿ ಬಿಟ್ಟ ಕತ್ತಲು. ಯೇಸು ಬಿದ್ದ ಕಡೆ ಶಿಲುಬೆಯನ್ನು ತಗ್ಗಿನಲ್ಲಿ ಇಟ್ಟಿದ್ದಾರೆ. ಗೈಡ್ ಹೇಳದಿದ್ದರೆ ಹದಿನಾಲ್ಕೂ ಒಂದೇ ಥರ ಕಂಡು ಐದನೆಯದಕ್ಕೇ ಬೇಜಾರಾಗುತ್ತದೆ. ಗೈಡ್ ಇರಬೇಕಾದ್ದು ಇಲ್ಲಿಗೇ. ಆಮೇಲೆ ಗುಮ್ಮಟ, ಅದರಾಚೆ ಮೇಲಿನ ಜಗಲಿಯಿಂದ ಮುಖ್ಯ ಸಭಾಂಗಣ ಕಾಣುತ್ತದೆ. ಹುಟ್ಟು, ಬದುಕು, ಸಾವು ಅಂತ ಮೂರು ಅಂಕಣ. ನಡುವಿನದರ ಕೊನೆಗೆ 16 ಮೀಟರ್ ಎತ್ತರದ ಶಿಲುಬೆ. ಮೇಲಿನಿಂದ ನೋಡಿದರೆ ಗೋಡೆಯ ಮುಂದೆ ತೂಗುಬಿಟ್ಟ ಹಾಗಿರುತ್ತದೆ. ಹತ್ತಿರ ಹೋದರೆ ಗೊತ್ತಾಗುತ್ತದೆ, ಅದು ಗೋಡೆಯೊಳಕ್ಕೆ ಕೊರೆದ ತಗ್ಗು, ಉಳಿದದ್ದು ದೀಪದ ಆಟ. ಅವಸರದ ಗುಂಪುಗಳು ಮೇಲೆ ನಿಲ್ಲದೆ ನೇರ ಕೆಳಗಿಳಿಯುತ್ತವೆ. ನೀವು ಮೇಲೆ ಐದು ನಿಮಿಷ ನಿಲ್ಲಿ.

ಗೋಡೆ ಬಿಳಿ ಇರುತ್ತದೆ ಅಂದುಕೊಂಡು ಹೋದವರಿಗೆ ನಿರಾಸೆ. ಕಲ್ಲು ಬೂದು, ಕಪ್ಪು, ನಡುನಡುವೆ ಪೈರೈಟ್ ಖನಿಜದ ಹೊಳಪು. ತೇವ ಒಸರಿದ ಕಡೆ ಮಾತ್ರ ಉಪ್ಪು ಹೂಕೋಸಿನ ಹಾಗೆ ಬೆಳ್ಳಗೆ ಉಕ್ಕಿರುತ್ತದೆ. ಗೋಡೆಗೆ ಬೆರಳು ತಾಗಿಸಿ ನಾಲಿಗೆಗೆ ಇಟ್ಟರೆ ಉಪ್ಪೇ. ನೆಲ ಕೆಲವು ಕಡೆ ಜನ ನಡೆದು ನಡೆದು ನುಣ್ಣಗಾಗಿದೆ, ರಬ್ಬರ್ ಅಟ್ಟೆಯ ಶೂ ಹಾಕಿಸಿ, ಚಪ್ಪಲಿ ಬೇಡ. ಅಮ್ಮನಿಗೆ ಕಷ್ಟ ಆಗುವುದು ಇಳಿಯುವಾಗಲ್ಲ, ವಾಪಸ್ ಅದೇ ಇಳಿಜಾರು ಹತ್ತುವಾಗ. ಮಡಚುವ ಊರುಗೋಲು ಇರಲಿ. ಮೆಟ್ಟಿಲಿರುವ ಕಡೆ ಬೇರೆ ದಾರಿ ಇದೆಯಾ ಅಂತ ಬಾಗಿಲಲ್ಲೇ ಕೇಳಿಬಿಡಿ. ಪೂರ್ತಿ ಸುತ್ತಿಗೆ ಎರಡು ಗಂಟೆ ಇಡಿ. 'ಗಣಿಗಾರರ ಹಾದಿ' ಅಂತ ಹೆಲ್ಮೆಟ್ ಹಾಕಿಸಿ ಕತ್ತಲಲ್ಲಿ ಕರೆದುಕೊಂಡು ಹೋಗುವ ಇನ್ನೊಂದು ಸುತ್ತಿದೆ, ಹಿರಿಯರಿಗೆ ಅದು ಬೇಡ.

ಇನ್ನೊಂದು, ಇದು ಎರಡನೆಯ ಚರ್ಚ್. ಮೊದಲನೆಯದನ್ನು 1954ರಲ್ಲಿ ತೆರೆದಿದ್ದರು, ಇದಕ್ಕಿಂತ ಮೇಲಿನ ಹಂತದಲ್ಲಿ, ಕೆಲಸ ನಡೆಯುತ್ತಿದ್ದ ಗಣಿಯಲ್ಲೇ. ಕಟ್ಟಡದ ಭದ್ರತೆ ಕೆಟ್ಟು 1992ರಲ್ಲಿ ಮುಚ್ಚಿದರು. ಈಗಿನದು 1995ರ ಡಿಸೆಂಬರಿನಲ್ಲಿ ತೆರೆದದ್ದು, ವಾಸ್ತುಶಿಲ್ಪಿ ರೋಸ್ವೆಲ್ ಗರವಿತೊ ಪೆರ್ಲ್. 'ಪುರಾತನ ಚರ್ಚ್' ಅಂತ ಬರೆದ ಜಾಹೀರಾತು ಕಂಡರೆ ಅವರ ಬಾಕಿ ಮಾತನ್ನೂ ಅಷ್ಟಕ್ಕಷ್ಟೇ ನಂಬಿ. ಪುರಾತನವಾದ್ದು ಉಪ್ಪಿನ ಕಸುಬು. ಸ್ಪೇನಿನವರು ಬರುವ ಎಷ್ಟೋ ಕಾಲ ಮೊದಲೇ ಮುಯಿಸ್ಕಾ ಜನ ಇಲ್ಲಿನ ಉಪ್ಪುನೀರನ್ನು ಮಣ್ಣಿನ ಮಡಕೆಯಲ್ಲಿ ಕಾಯಿಸಿ, ಮಡಕೆ ಒಡೆದು ಉಪ್ಪಿನ ಗಟ್ಟಿ ತೆಗೆದು ಮಾರುತ್ತಿದ್ದರು.

ಮೂಡಿಗೆರೆ_ರೊಬಸ್ಟಾ

ಬೇಲೂರು ರಸ್ತೆಯವರ ಲೆಕ್ಕ ನೋಡಿ ಅಪ್ಪನೇ 'ಬೇಡಪ್ಪ' ಅಂದರು. ಹಾಗಾದರೆ ಸಿಪಾಕಿರಾ ಒಂದೇ. ಇನ್ನು ಎರಡು ಪ್ರಶ್ನೆ: ಊಟಕ್ಕೆ ಅಮ್ಮನಿಗೆ ಏನು? ಟೂರ್ ಹಿಡಿಯುವುದೋ, ನಾವೇ ಬಸ್ಸಿನಲ್ಲಿ ಹೋಗುವುದೋ?

ಮಲ್ನಾಡ್_ಅಡುಗೆಮನೆ

ಊಟಕ್ಕೆ ನಾನು. ಆ ಕಡೆಯ ಹೆಸರಾಂತ ಊಟ ಅಹಿಯಾಕೊ, ಮೂರು ಥರ ಆಲೂಗಡ್ಡೆ, ಮುಸುಕಿನ ಜೋಳ, ಗ್ವಾಸ್ಕಾಸ್ ಸೊಪ್ಪು ಹಾಕಿದ ಗಟ್ಟಿ ಸೂಪ್. ಕೋಳಿ ಬೇಡ ಅಂದರೆ ತುಂಡು ಎತ್ತಿಟ್ಟು ಅದೇ ಸೂಪ್ ಕೊಡುತ್ತಾರೆ. ಆದರೆ ಅದನ್ನು ಬೇಯಿಸಿದ್ದೇ ಕೋಳಿ ಸಾರಿನಲ್ಲಿ. ಹುರುಳಿಕಾಯಿ ಬೀಜದ ಫ್ರಿಹೋಲೆಸ್‌ನಲ್ಲಿ ಹಂದಿ ಮಾಂಸ ಬಿದ್ದಿರುವುದೇ ಹೆಚ್ಚು. ಮಾಂಸ ಬೇಡ ಅಂತ 'ಸಿನ್ ಕಾರ್ನೆ' ಒಂದೇ ಹೇಳಿದರೆ ದನದ ಮಾಂಸ ಮಾತ್ರ ಬಿಡುತ್ತಾರೆ. 'ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ, ಸಿನ್ ಉಎವೊ, ಸಿನ್ ಕಾಲ್ದೊ ದೆ ಪೊಯೊ' ಅಂತ ಪೂರ್ತಿ ಹೇಳಬೇಕು. ಮಾಂಸ, ಕೋಳಿ, ಮೀನು, ಮೊಟ್ಟೆ, ಕೋಳಿ ಸಾರು, ಐದೂ. ಸ್ಪ್ಯಾನಿಷ್‌ನಲ್ಲಿ ಬರೆಸಿ ಫೋನಿನಲ್ಲಿ ಇಟ್ಟುಕೊಳ್ಳಿ, ತೋರಿಸಿದರೆ ಮುಗಿಯಿತು.

ಅಮ್ಮನಿಗೆ ಹೊಂದುವುದು: ಮುಸುಕಿನ ಜೋಳದ ಹಿಟ್ಟಿನ ಅರೆಪಾ ರೊಟ್ಟಿ, ಒಳಗೆ ಚೀಸ್. ಬಾಳೆಕಾಯಿ ಜಜ್ಜಿ ಎರಡು ಸಲ ಕರಿದ ಪತಕೋನ್. ಅನ್ನ, ಬೆಣ್ಣೆಹಣ್ಣು, ಬೇಯಿಸಿದ ಆಲೂ. ಚೀಸ್ ಬನ್ನುಗಳಲ್ಲಿ ಬಹಳಷ್ಟಕ್ಕೆ ಮೊಟ್ಟೆ ಬೀಳುತ್ತದೆ, ಕೇಳಿಯೇ ತಗೊಳ್ಳಿ. ಚಳಿಗೆ ಅಗ್ವಾಪನೇಲಾ ಸಿಗುತ್ತದೆ, ನಮ್ಮ ಬೆಲ್ಲದ ಬಿಸಿನೀರೇ, ಒಂದು ತುಂಡು ಚೀಸ್ ಜೊತೆ ಕೊಡುತ್ತಾರೆ. ಕನೆಲಾಸೊ ಅಂತ ಅದರದ್ದೇ ತಮ್ಮ ಇನ್ನೊಂದಿದೆ, ಚಕ್ಕೆ ಪರಿಮಳ ಬರುತ್ತೆ ಅಂತ ಅಮ್ಮನಿಗೆ ಕೊಟ್ಟುಬಿಡಬೇಡಿ, ಅದಕ್ಕೆ ಸಾರಾಯಿ ಸೇರಿಸಿರುತ್ತಾರೆ. ಅವಲಕ್ಕಿ, ಚಟ್ನಿಪುಡಿ ಬ್ಯಾಗಿನಲ್ಲಿ ಇದ್ದರೆ ಸಮಾಧಾನ. ಕಾಫಿ ವಿಷಯದಲ್ಲಿ ಆಸೆ ಕಡಿಮೆ ಇಟ್ಟುಕೊಳ್ಳಿ, ಬೀದಿಯ 'ತಿಂತೊ' ತೆಳು ಡಿಕಾಕ್ಷನ್, ಹಾಲಿಲ್ಲ. ಒಳ್ಳೇ ಬೀಜ ರಫ್ತಾಗುವ ದೇಶದ ಪಾಡು ನಮಗೂ ಗೊತ್ತಿರೋದೇ.

ಬೇಲೂರು_ರಸ್ತೆ

ಬಸ್ ಸುಲಭ, ಅಗ್ಗ. ಬೊಗೊಟಾದ ಸಿಟಿ ಬಸ್ ಟ್ರಾನ್ಸ್‌ಮಿಲೇನಿಯೊ ಹಿಡಿದು ಉತ್ತರದ ಕೊನೆ ನಿಲ್ದಾಣ ಪೋರ್ತಾಲ್ ನೋರ್ತೆಯಲ್ಲಿ ಇಳಿದು, ಅಲ್ಲೇ 'ಸಿಪಾ' ಅಂತ ಬೋರ್ಡಿರುವ ಬಸ್ ಹತ್ತುವುದು. ಇಳಿದ ಮೇಲೆ ಗಣಿಯ ಗೇಟಿಗೆ ಏರು ದಾರಿ. ಇಬ್ಬರು ಯುವಕರಾದರೆ ಇದನ್ನೇ ಹೇಳುತ್ತಿದ್ದೆ. ಹಿರಿಯರಿದ್ದಾಗ ಟ್ರಾನ್ಸ್‌ಮಿಲೇನಿಯೊ ನೂಕುನುಗ್ಗಲು ಬೇಡ, ಜೇಬುಗಳ್ಳರ ಕಾಟವೂ ಇದೆ.

ನಾಲ್ಕು ಜನಕ್ಕೆ ಗುಂಪಿನ ಟೂರ್ ಬದಲು ಡ್ರೈವರ್ ಸಮೇತ ಕಾರು ಅರ್ಧ ದಿನಕ್ಕೆ ಹಿಡಿಯಿರಿ. ತಲೆಗೆ ಹಂಚಿದರೆ ಗುಂಪಿನ ಟೂರಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಬರುವುದಿಲ್ಲ. ಗಣಿಯೊಳಗೆ ವಿವರಿಸಲು ಅಲ್ಲಿನವರದ್ದೇ ಗೈಡ್, ಆಡಿಯೋ ಗೈಡ್ ಇರುತ್ತದೆ, ಬೊಗೊಟಾದಿಂದ ಗೈಡ್ ಹೊತ್ತುಕೊಂಡು ಹೋಗಬೇಕಿಲ್ಲ. ಗುಂಪಿನ ಟೂರೇ ಆದರೆ ದುಡ್ಡು ಕಟ್ಟುವ ಮೊದಲು ಬರಹದಲ್ಲಿ ಕೇಳಿ: ಗಣಿಯ ಟಿಕೆಟ್ ಸೇರಿದೆಯಾ? ವಿದೇಶಿಯರ ಟಿಕೆಟ್ ದುಬಾರಿ, 'ಸಾಗಣೆ ಮಾತ್ರ' ಅಂತ ಸಣ್ಣ ಅಕ್ಷರದಲ್ಲಿ ಬರೆದು ಕೈ ಎತ್ತುವವರಿದ್ದಾರೆ. ಇಂಗ್ಲಿಷ್ ಗುಂಪು ಬೇರೆಯಾ? ಎರಡು ಭಾಷೆಯ ಗುಂಪಾದರೆ ಸ್ಪ್ಯಾನಿಷ್ ಹತ್ತು ನಿಮಿಷ, ಇಂಗ್ಲಿಷ್ ಒಂದು ನಿಮಿಷ. ನಮ್ಮ ಹೋಟೆಲಿಗೆ ಮೊದಲು ಬರುತ್ತಾರಾ, ಕೊನೆಗಾ? ಇದೊಂದರಲ್ಲೇ ಮುಕ್ಕಾಲು ಗಂಟೆ ನಿದ್ದೆ ಉಳಿಯುತ್ತದೆ.

ದಿನದ ಆಯ್ಕೆ ಇನ್ನೂ ಮುಖ್ಯ. ಗಣಿ 9ಕ್ಕೆ ತೆರೆಯುತ್ತದೆ, ಆ ಹೊತ್ತಿಗೇ ಗೇಟಿನಲ್ಲಿರಿ. ಹನ್ನೊಂದಾದ ಮೇಲೆ ಶಾಲಾ ಮಕ್ಕಳ ಬಸ್ಸುಗಳು. ಭಾನುವಾರ ಬೇಡ: ಒಳಗೆ ಪೂಜೆ ನಡೆಯುತ್ತದೆ, ಜನ ಜಾಸ್ತಿ. ಅಂದು ಬೊಗೊಟಾದ ಹಲವು ಮುಖ್ಯ ರಸ್ತೆಗಳನ್ನು ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ ಸೈಕಲ್ಲಿಗೆ ಬಿಟ್ಟು ವಾಹನ ನಿಲ್ಲಿಸುತ್ತಾರೆ. ಸಂಜೆ ವಾರಾಂತ್ಯ ಮುಗಿಸಿದವರೆಲ್ಲ ಒಂದೇ ಹೆದ್ದಾರಿಯಲ್ಲಿ ವಾಪಸ್. ಅವರ ಹಬ್ಬದ ರಜೆಗಳಲ್ಲಿ ಬಹಳಷ್ಟನ್ನು ಕಾನೂನಿನಿಂದಲೇ ಸೋಮವಾರಕ್ಕೆ ತಳ್ಳಿದ್ದಾರೆ, ಅಂಥ ಸೋಮವಾರವೂ ಭಾನುವಾರವೇ.

ನಿಮ್ಮ ತಾರೀಕು ನೋಡಿ ಇದನ್ನು ಹೇಳಲೇಬೇಕು. ಮಾರ್ಚ್ ಕೊನೆ, ಏಪ್ರಿಲ್ ಮೊದಲು ಅಂದರೆ ಈಸ್ಟರ್ ಹಿಂದಿನ ಪವಿತ್ರ ವಾರ ಅಡ್ಡ ಬರುವ ಸಾಧ್ಯತೆ ಹೆಚ್ಚು. ಇಡೀ ದೇಶ ರಜೆಯಲ್ಲಿ, ಶಿಲುಬೆಯ ಹಾದಿ ಇರುವ ಈ ಗಣಿಗೆ ಜಾತ್ರೆಯ ಜನ. ಗುಡ್ ಫ್ರೈಡೇ ಯಾವಾಗ ಅಂತ ಕ್ಯಾಲೆಂಡರಿನಲ್ಲಿ ನೋಡಿ, ಆ ವಾರ ಬಿಟ್ಟು ಟಿಕೆಟ್ ಮಾಡಿ. ಏಪ್ರಿಲ್ ಅಲ್ಲಿ ಮಳೆಗಾಲ ಕೂಡ, ಕೊಡೆಗಿಂತ ತೆಳು ರೇನ್‌ಕೋಟ್ ಒಳ್ಳೆಯದು.

ಊರಿನ ಚೌಕದ ಬಗ್ಗೆ ಎರಡು ಮಾತು. ಅಲ್ಲಿನ ಕಲ್ಲಿನ ಚರ್ಚೇ ನಿಜವಾದ ಕೆಥೀಡ್ರಲ್, ಬಿಷಪ್ಪರ ಪೀಠ ಅದರದ್ದು, ಗಣಿಯದಕ್ಕೆ ಹೆಸರು ಮಾತ್ರ. ಚೌಕಕ್ಕೆ ಕೊಮುನೆರೋಗಳ ಹೆಸರಿಟ್ಟಿದ್ದಾರೆ. 1781ರಲ್ಲಿ ತೆರಿಗೆ ವಿರುದ್ಧ ಎದ್ದ ರೈತರು, ಕುಶಲಕರ್ಮಿಗಳು ಸಾವಿರಾರು ಜನ ಬೊಗೊಟಾ ಕಡೆ ನಡೆದಾಗ, ಸರ್ಕಾರದ ಕಡೆಯವರು ಇದೇ ಸಿಪಾಕಿರಾದಲ್ಲಿ ಒಪ್ಪಂದಕ್ಕೆ ಬಂದು, ಜನ ಚದುರಿದ ಮೇಲೆ ಅದನ್ನು ರದ್ದು ಮಾಡಿದರು. ಒಪ್ಪದೆ ಉಳಿದ ಮುಂದಾಳು ಗಲಾನ್‌ನನ್ನು ಮರುವರ್ಷ ಕೊಂದರು. ಚೌಕದ ಬೆಂಚಿನಲ್ಲಿ ಕೂತು ಅಪ್ಪನಿಗೆ ಹೇಳಲು ಒಳ್ಳೇ ವಿಷಯ.

ಕಾಫಿ_ಕ್ಯೂರಿಂಗ್

ಟೂರ್ ಬಗ್ಗೆ ಎಲ್ಲ ಆಯಿತು. ಆದರೆ ಇದನ್ನು ಬಿಟ್ಟರೆ ವಾಪಸ್ ಬೆಂಗಳೂರಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ: ಹಳದಿ ಜ್ವರದ ಲಸಿಕೆ. ಬೊಗೊಟಾ ಎತ್ತರದಲ್ಲಿ ಆ ಸೊಳ್ಳೆಯ ಕಾಟ ಇಲ್ಲ, ಆದರೆ ಭಾರತದ ಪಟ್ಟಿಯಲ್ಲಿ ಕೊಲಂಬಿಯಾ ಇಡೀ ದೇಶವಾಗಿ ಇದೆ. ಅಲ್ಲಿಂದ ಬಂದವರ ಹತ್ತಿರ ಸರ್ಟಿಫಿಕೇಟ್ ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಕಾಫಿ ಸೀಮೆಯ ತೊಲಿಮಾದಲ್ಲಿ ಜ್ವರ ಹಬ್ಬಿ 2025ರ ಏಪ್ರಿಲಿನಲ್ಲಿ ಅಲ್ಲಿನ ಸರ್ಕಾರ ತುರ್ತು ಸ್ಥಿತಿ ಘೋಷಿಸಿತ್ತು, ಆದ್ದರಿಂದ ನಿಮ್ಮ ತೋಟದ ಪ್ರವಾಸಕ್ಕೆ ಇದು ಬರೀ ಕಾಗದದ ಮಾತಲ್ಲ. ಚುಚ್ಚಿಸಿಕೊಂಡ ಹತ್ತು ದಿನದ ನಂತರವೇ ಸರ್ಟಿಫಿಕೇಟ್ ಊರ್ಜಿತ, ಆಮೇಲೆ ಜೀವನಪೂರ್ತಿ. ಯಾವ ಕ್ಲಿನಿಕ್ಕಿನಲ್ಲೂ ಆಗಲ್ಲ, ಸರ್ಕಾರ ಗುರುತಿಸಿದ ಕೇಂದ್ರಕ್ಕೇ ಹೋಗಬೇಕು, ಪಾಸ್‌ಪೋರ್ಟ್ ಒಯ್ಯಬೇಕು. ಪ್ರವಾಸಕ್ಕೆ ಒಂದು ತಿಂಗಳ ಮುಂಚೆಯೇ ಅಲ್ಲಿಗೆ ಹೋಗಿ, ದಿನ ಗೊತ್ತು ಮಾಡಿಕೊಂಡು. ಇದು ಜೀವಂತ ವೈರಸ್ಸಿನ ಲಸಿಕೆ. 60 ದಾಟಿ ಮೊದಲ ಸಲ ಹಾಕಿಸಿಕೊಳ್ಳುವವರಿಗೆ ತೀವ್ರ ಅಡ್ಡಪರಿಣಾಮದ ಅಪಾಯ ಸ್ವಲ್ಪ ಹೆಚ್ಚು, ಮೊಟ್ಟೆ ಅಲರ್ಜಿ ಇದ್ದವರಿಗೂ ತೊಂದರೆ. ಅಪ್ಪ ಅಮ್ಮನ ಟಿಕೆಟ್ ಮಾಡುವ ಮೊದಲು ಡಾಕ್ಟರ ಜೊತೆ ಮಾತಾಡಿ, ಟಿಕೆಟ್ ಮಾಡಿ ಆಮೇಲೆ ಅಲ್ಲ. ಅಮ್ಮ ಮೊಟ್ಟೆ ತಿಂದೇ ಇಲ್ಲ ಅಂದರೆ ಅಲರ್ಜಿ ಇದೆಯೋ ಇಲ್ಲವೋ ಅವರಿಗೇ ಗೊತ್ತಿರುವುದಿಲ್ಲ, ಅದನ್ನೂ ಡಾಕ್ಟರಿಗೆ ಹೇಳಿ. ಲಸಿಕೆ ಕೋಳಿಮೊಟ್ಟೆಯಲ್ಲಿ ಬೆಳೆಸಿದ್ದು ಅನ್ನುವುದನ್ನು ಅಮ್ಮನಿಗೂ ಮೊದಲೇ ತಿಳಿಸುವುದು ಒಳ್ಳೆಯದು.

ಹೋಗುವಾಗ, ಬರುವಾಗ ಎರಡು ಸಲವೂ ಕೊಲಂಬಿಯಾ ಸರ್ಕಾರದ 'ಚೆಕ್ ಮಿಗ್' ಅಂತ ಆನ್‌ಲೈನ್ ಫಾರಂ ತುಂಬಬೇಕು, ವಿಮಾನಕ್ಕೆ 72 ಗಂಟೆ ಒಳಗೆ. ಅದು ಉಚಿತ, ದುಡ್ಡು ಕೇಳಿದರೆ ಅದು ನಕಲಿ ಸೈಟ್. ಅಮೆರಿಕದ ಮೇಲೆ ಹೋಗುವ ವಿಮಾನ ಅಗ್ಗ ಅಂತ ಹಿಡಿಯಬೇಡಿ, ಬರೀ ವಿಮಾನ ಬದಲಿಸಲೂ ಅಮೆರಿಕದ ವೀಸಾ ಬೇಕು.

ಕೊನೆಗೆ ಪ್ಲಾಂಟರ್‌ಗಳಿಗೆ: ತೋಟದಿಂದ ಬೀಜ, ಗಿಡ, ಹುರಿಯದ ಕಾಫಿ ಬೇಳೆ ಜೇಬಿಗೆ ಹಾಕಿಕೊಂಡು ಬರಬೇಡಿ. ಸಸ್ಯ ಕ್ವಾರಂಟೈನ್ ಪರವಾನಗಿ ಇಲ್ಲದೆ ತರುವಂತಿಲ್ಲ. ಕಾಫಿ ಹಣ್ಣು ಕೊರೆಯುವ ಬೋರರ್ ಹುಳು ನಮ್ಮಲ್ಲಿಗೆ 1990ರಲ್ಲಿ ಬಂದ ಮೇಲೆ ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ಹುರಿದ ಪುಡಿ ಎಷ್ಟಾದರೂ ತನ್ನಿ.

ಮುಳ್ಳಯ್ಯನಗಿರಿ_ಗಾಳಿ

ಗಣಿಯ ಅಂಗಡಿಯಲ್ಲಿ ಉಪ್ಪುಕಲ್ಲಿನ ಶಿಲುಬೆ, ದೀಪ, ಗೊಂಬೆ ಮಾರುತ್ತಾರೆ. ಸಣ್ಣದು ತಗೊಳ್ಳಿ, ಗಾಳಿಯಾಡದ ಡಬ್ಬಿಯೂ ಇರಲಿ. ಗಾಳಿಯ ತೇವ 75 ಶೇಕಡಾ ದಾಟಿದರೆ ಉಪ್ಪು ನೀರು ಹೀರಿ ಕರಗತೊಡಗುತ್ತದೆ. ಮೂಡಿಗೆರೆಯ ಜೂನ್, ಜುಲೈಯಲ್ಲಿ ಷೋಕೇಸಿನಲ್ಲಿ ಇಟ್ಟರೆ ಆಗಸ್ಟಿಗೆ ಮರದ ಹಲಗೆ ಮೇಲೆ ಉಪ್ಪುನೀರಿನ ಕಲೆ, ಪಕ್ಕದಲ್ಲಿರುವ ಕಬ್ಬಿಣದ ಸಾಮಾನಿಗೆ ತುಕ್ಕು.